ಗೇಟಿನ ಹೊರಗೆ ಕೂರುವವರು

ಬ್ರೋಕನ್ ಹಿಲ್‌ನ ಪಶುವೈದ್ಯರ ಬಳಿಗೆ ಬೆಕ್ಕನ್ನು ತಂದಿದ್ದ ಡಲ್ಸಿ, ಎದುರು ಬೆಂಚಿನಲ್ಲಿದ್ದ ಮುದುಕ ಕ್ಲಾರಿ ಮತ್ತು ಅವರ ಮಗಳು ಲೀನ್ ಆಡುತ್ತಿದ್ದ ಮಾತನ್ನು ಕೇಳಿಸಿಕೊಂಡರು. ಕ್ಲಾರಿಯ ಕಾಲ ಬಳಿ ಮುದಿ ನಾಯಿಯೊಂದು ಮಲಗಿತ್ತು.

"ಅಪ್ಪಾ, ನಾವು ನೋಡೋಕೆ ಹೊರಟಿರೋ ಆ ಕೆಂಪು ಕಣಿವೆ ಇರೋದು ನ್ಯಾಷನಲ್ ಪಾರ್ಕ್ ಒಳಗೆ. ನಾಯಿನ ಗೇಟ್ ದಾಟೋಕೆ ಬಿಡಲ್ಲ."

"ನೀವೆಲ್ಲ ಹೋಗ್ಬನ್ನಿ. ನಾನೂ ಪೆಪ್ಪರೂ ಗೇಟ್ ಹತ್ರ ಕೂತಿರ್ತೀವಿ."

"ನಿನ್ನ ಕಣ್ಣು ಪೂರ್ತಿ ಮಂಜಾಗೋದ್ರೊಳಗೆ ನಿಂಗೆ ತೋರಿಸ್ಬೇಕು ಅಂತಾನೇ ಅಲ್ವಾ, ಮಕ್ಕಳನ್ನೂ ಕಟ್ಕೊಂಡು ಆ ಧೂಳಲ್ಲಿ ಬೇಯೋಕೆ ಹೊರಟಿರೋದು?"

"ನೀವು ಬೇಯ್ತೀರಿ. ಪೆಪ್ಪರ್ ಕಾರಿನ ಕಿಟಕಿ ಹತ್ರ ಕೂರುತ್ತೆ."

"ತಮಾಷೆ ಸಾಕಪ್ಪ. ಒಂದು ವಾರ ನಾಯಿಗಳ ಬೋರ್ಡಿಂಗಲ್ಲಿ ಬಿಡೋಣ."

"ಹೋದ ಸಲ ಬಿಟ್ಟಿದ್ದು ನಿಮ್ಮಮ್ಮ ಆಸ್ಪತ್ರೇಲಿದ್ದಾಗ. ಪೆಪ್ಪರ್ ವಾಪಸ್ ಮನೆಗೆ ಬಂದಾಗ ಅವಳೇ ಇರ್ಲಿಲ್ಲ. ಮನೆಯೆಲ್ಲಾ ಮೂಸ್ಕೊಂಡು ಹುಡುಕ್ತು ಕಣೇ. ಈಗ ನಾನೂ ಹೋದೆ ಅಂದ್ಕೊಳ್ಳುತ್ತೆ."

ಡಲ್ಸಿ ತಮ್ಮ ಬೆಕ್ಕಿನ ಬುಟ್ಟಿಯನ್ನು ಸರಿಸಿ, ಫ್ಯಾನಿನ ಗಾಳಿ ನಾಯಿಗೆ ತಾಗುವಂತೆ ಮಾಡಿದರು.

"ಮತ್ತೆ ನೀನು ನೋಡೋದು ಯಾವಾಗಪ್ಪಾ?"

"ನೀನು ನೋಡ್ಕೊಂಡು ಬಂದು ಹೇಳು. ಬರೀ ಕೆಂಪಗಿತ್ತು ಅನ್ಬೇಡ, ಸರಿಯಾಗಿ ಹೇಳು."

ಒಳಗಿನಿಂದ ಪೆಪ್ಪರ್‌ನ ಹೆಸರು ಕೂಗಿದರು. ನಾಯಿ ಅಲ್ಲಾಡಲಿಲ್ಲ; ಕ್ಲಾರಿ ಎದ್ದ ಮೇಲೆಯೇ ಎದ್ದಿತು. ಲೀನ್ ಇಬ್ಬರಿಗೂ ಬಾಗಿಲು ಹಿಡಿದು ನಿಂತಳು.