ಪ್ರೇಮಕುಮಾರ ಕೊಟ್ಟ ಕಡೀ ಆಲ್ಬಮ್

ಲೈಟ್ ಆರಸ್ರಿ... ಇರಲಿ ಬಿಡ್ರಿ, ಆ ಸಣ್ಣದೊಂದು ಇರಲಿ. ಹೇಳ್ತೇನಿ. ಆದ್ರ ನಡುವ ಯಾರೂ ನಗಬಾರದು, ನಕ್ರ ನಾ ಎದ್ದು ಮಲಗಾಕ ಹೊಕ್ಕೇನಿ. ಇದು ನಮ್ಮ ಅತ್ತಿ ಮಗ ಮೈಲೇಶಗ ಆದದ್ದು. ಹ್ವಾದ ವರ್ಷ, ಚಳಿಗಾಲದಾಗ.

ಬ್ಯಾಡಗ್ಯಾಗ ಮೆಣಸಿನಕಾಯಿ ಇಡೂ ಕೋಲ್ಡ್ ಸ್ಟೋರೇಜ್ ಅದಾವಲ್ಲ, ಅಂಥಾ ಒಂದರಾಗ ಮೈಲೇಶ ಮಶೀನ್ ನೋಡಿಕೊಳ್ಳಾಂವ. ಎರಡನೇ ಪಾಳಿ ಮುಗಿಸಿ ಮನಿಗೆ ನಡಕೊಂತ ಹೊಂಟಿದ್ದ. ಹಾದ್ಯಾಗ ಒಂದು ಆಲದ ಗಿಡ, ಗಿಡದ ಬುಡಕ್ಕ ಹಳೇ ಬಾವಿ. ನೀರು ಸೇದೂದು ಬಿಟ್ಟು ಯಾವ ಕಾಲ ಆತೋ. ಗಡಗಡಿ ಮಾತ್ರ ಇನ್ನೂ ಐತಿ, ಗಾಳಿಗೆ ಕಿರ್ರ್... ಕಿರ್ರ್... ಅಂತೈತಿ. ಮೈಲೇಶನ ಕಿವ್ಯಾಗ ಇಯರ್‌ಫೋನ್ ಇತ್ತು, ಹಾಡು ಇರಲಿಲ್ಲ. ಹಾಡು ಹಚ್ಚೂದು ಬಿಟ್ಟು ತಿಂಗಳ ಮ್ಯಾಲಾಗಿತ್ತು. ಸುಮ್ನ ರೂಢಿ, ತುರುಕಿಕೊಂಡಿದ್ದ ಅಷ್ಟ.

ಬಾವಿ ಹತ್ರ ಬಂದ. ಗಡಗಡಿ ಸುಮ್ಮನಾತು. ಜೀರುಂಡಿ ಸುಮ್ಮನಾತು. ಆಮ್ಯಾಲೆ ಒಂದು ದನಿ...

ಞ್ಞೂಂ.........

ದಪ್ಪ ತಂತಿ ಒಂದ ಸಲ ಮೀಟಿ ಬಿಟ್ರ ಅದು ಸಾಯೂ ತನಕ ನಡುಗ್ತೈತಲ್ಲ, ಅಂಥಾ ದನಿ. ಬಾವಿ ಒಳಗಿಂದ. ಮೈಲೇಶ ಇಯರ್‌ಫೋನ್ ಬಿಚ್ಚಿದ. ದನಿ ಇತ್ತು. ಮತ್ತ ತುರುಕಿಕೊಂಡ. ಆಗೂ ಇತ್ತು. ಹೆಚ್ಚಿಲ್ಲ, ಕಡಿಮಿಲ್ಲ, ಅಷ್ಟಽ ಇತ್ತು.

ಬ್ಯಾರೆಯಾಂವ ಆಗಿದ್ರ ಚಪ್ಪಲಿ ಬಿಟ್ಟು ಓಡತಿದ್ದ. ಇಂವ ನಿಂತು ಕೇಳಿದ. ಯಾಕಂದ್ರ ಆ ದನಿ ಅವಗ ಗುರ್ತಿತ್ತು. ಅವನ ದೋಸ್ತ ಪ್ರೇಮಕುಮಾರ ಕೊಟ್ಟ ಕಡೀ ಆಲ್ಬಮ್ಮಿನ ಕಡೀ ದನಿ ಅದು. ಪ್ರೇಮಕುಮಾರ ಸತ್ತೂ ತಿಂಗಳ ಮ್ಯಾಲಾಗಿತ್ತು.

ಪ್ರೇಮಕುಮಾರ ಯಾರಂದ್ರ, ರಾಣೆಬೆನ್ನೂರಾಂವ. ಮದುವಿ ಮುಂಜಿವಿಗೆ ಸೌಂಡ್ ಬಾಡಗಿ ಕೊಡಾಂವ. ಆಳೆತ್ತರದ ಬಾಕ್ಸು, ಡಿಜೆ, ಬಣ್ಣದ ಲೈಟು, ಎಲ್ಲಾ. ಡಿಜೆ ಹೊಟ್ಟಿಗಷ್ಟ, ಜೀವಕ್ಕ ಬ್ಯಾರೆ ಇತ್ತು. ಕಾಗಿನೆಲಿ ಕಡೆ ಒಂದು ಮದುವ್ಯಾಗ ಬಾಕ್ಸ್ ಟೆಸ್ಟ್ ಮಾಡಾಕ ಏನೋ ಒಂದು ಹಚ್ಚಿದ್ದ. ಬೀಗರೆಲ್ಲಾ "ಏ, ಮಶೀನ್ ಕೆಟ್ಟೈತಿ ನೋಡೋ" ಅಂದ್ರು. ಮೈಲೇಶ ಒಬ್ಬನಽ ಉಪ್ಪಿಟ್ಟಿನ ಪ್ಲೇಟ್ ಹಿಡಕೊಂಡು ಹೋಗಿ, "ಅಣ್ಣಾರ, ಇದು ಯಾರದ್ರಿ?" ಅಂತ ಕೇಳಿದ. ಅವತ್ತಿಂದ ಹತ್ತಿದ ಗೆಳೆತನ. ಮದುವಿ ಹುಡುಗನ ಹೆಸರು ಇಬ್ಬರಿಗೂ ಕಡೀ ತನಕ ಗೊತ್ತಿರಲಿಲ್ಲ.

ಆ ಸಂಗೀತಕ್ಕ ಡೂಮ್ ಅಂತಾರಂತ. ಮೆಟಲ್ಲಿನಾಗಽ ಒಂದು ಜಾತಿ. ನನಗೂ ಒಮ್ಮೆ ಕೇಳಿಸಿದ್ರು, ಪುಣ್ಯಾತ್ಮರು. ಏನ್ ಹೇಳ್ಲಿ... ಲೋಡ್ ಲಾರಿ ಏರು ಹತ್ತಿದಂಗ. ಒಂದು ಹಾಡು ಮುಗಿಯೂದ್ರಾಗ ಅನ್ನ ಬೆಂದು ಇಳೀತೈತಿ. ಗಿಟಾರ್ ಒಮ್ಮೆ ಬಡದು ಮತ್ತೊಮ್ಮೆ ಬಡಿಯೂದ್ರಾಗ ನಾ ಎರಡು ಸಲ ಆಕಳಿಸಿದೆ. ನಡುವ ಒಬ್ಬಾಂವ ಕಾಳು ತುಂಬೂ ಹಗೇವದಾಗ ಬಿದ್ದಾವ್ರಂಗ ಒದರ್ತಾನ. ನಾ ಎದ್ದು ಬಂದೆ.

ಆದ್ರ ಪ್ರೇಮ ಅದನ್ನ ಕೊಡೂ ರೀತಿ ಚಂದ ಇತ್ತು, ಸುಳ್ಳ್ಯಾಕ ಹೇಳಬೇಕು. ಬಂದ ಮಂದಿಗೆ ಎಲಿ ಹಾಕಿ ಬಡಿಸಿದಂಗ ಕೊಡತಿದ್ದ. "ಇದು ಫಿನ್‌ಲ್ಯಾಂಡಿನ ಮೂರು ಮಂದೀದು, ಮೈಲೇಶಾ. ಮೊದಲನೇ ಹಾಡು ಬರೇ ಬಾಗಲಾ, ದಾಟಿಬಿಡು. ಎರಡನೇದಕ್ಕ ಬ್ಯಾಸರಾಗ್ತೈತಿ, ಆಗಲಿ. ಮೂರನೇದಕ್ಕ ನಾ ಏನೂ ಹೇಳಂಗಿಲ್ಲ, ನೀನಽ ಹೇಳು." ಮತ್ತೊಂದಕ್ಕ, "ಇದ್ರಾಗ ಡ್ರಮ್ ಇಲ್ಲ, ಹಾಡಿಲ್ಲ. ತಗಡು ತಿಕ್ಕೂ ಸಪ್ಪಳ, ಒಬ್ಬಾಕಿ ಉಸರು. ತಲಿ ನೋವಿದ್ದಾಗ ಕೇಳು." ಇನ್ನೊಂದಕ್ಕ, "ಇದನ್ನ ಮಳಿ ಬಂದಾಗ ಕೇಳಬ್ಯಾಡ, ಮಳಿ ಕೇಳಸಂಗಿಲ್ಲ ಆಮ್ಯಾಲೆ."

ಪ್ರೇಮನ ಹೆಂಡ್ತಿ ಮೇಘಾ. ಹಾವೇರಿ ಕೋರ್ಟಿನ ಮುಂದ ಒಬ್ಬ ವಕೀಲರ ಹತ್ರ ಟೈಪಿಂಗ್ ಮಾಡಾಕಿ, ದಿನಾ ರೈಲಿಗೆ ಹೋಗಿ ಬರಾಕಿ. ಮದುವ್ಯಾದ ಹೊಸದರಾಗ "ಇದೇನ್ ಸಂಕಟರೀ ನಿಮ್ದು" ಅಂತಿದ್ಲಂತ. ವರ್ಷ ತುಂಬೂದ್ರಾಗ ಆಕೀನಽ ಹುಡಿಕ್ಯಾಡಿ ಇವರಿಬ್ಬರಿಗೂ ಕೊಡಾಕ ಹತ್ತಿದ್ಲು. ಹಿಂಗ ಮೂರು ಮಂದಿ ಆದ್ರು. ಜಿಲ್ಲಾದಾಗ ನಾಲ್ಕನೇದಾವ ಇದ್ದಿದ್ರ ಅವನ್ನೂ ಹಿಡದು ತರತಿದ್ರು, ಸಿಗಲಿಲ್ಲ.

ರವಿವಾರಕ್ಕ ಒಬ್ಬರ ಪಾಳಿ. ಪಾಳಿ ಇದ್ದವ್ರು ಆಲ್ಬಮ್ ಕೊಡಬೇಕು, ಮೂವರೂ ಒಂದಽ ಹೊತ್ತಿಗೆ ಹಚ್ಚಬೇಕು. ಗಂಡ ಹೆಂಡ್ತಿ ರಾಣೆಬೆನ್ನೂರಾಗ ಲೈಟ್ ಆರಿಸಿ ಮಲಗೂ ಕಾಟಿನ ಮ್ಯಾಲೆ ಕುಂದ್ರೂದು. ಮೈಲೇಶನ ಮನ್ಯಾಗ ಟೀವಿ ಗದ್ದಲ, ಅದಕ್ಕ ಅಂವ ಬಂದು ಈ ಬಾವಿ ಕಟ್ಟಿ ಮ್ಯಾಲೆ ಕುಂದ್ರೂದು.

ಅವರದೊಂದು ಕಟ್ಟಳಿ ಇತ್ತು. ಕಡೀ ದನಿ ಸತ್ತ ಮ್ಯಾಲೂ, ಆಲ್ಬಮ್ ಕೊಟ್ಟವ್ರು "ಸಾಕು" ಅನ್ನೂ ತನಕ ಯಾರೂ ಕಿವಿ ಬಿಚ್ಚಂಗಿಲ್ಲ, ಬಾಯಿ ಬಿಚ್ಚಂಗಿಲ್ಲ, ಒಬ್ಬರನ್ನೊಬ್ಬರು ಮುಟ್ಟಂಗಿಲ್ಲ. ಆ ಮೌನಾನೂ ಹಾಡಿನ್ಯಾಗಽ ಬಂತಂತ. ಆಮ್ಯಾಲೆ "ಹೆಂಗೈತಿ?" ಅಂತ ಕೇಳಬೇಕು, ಹಾಡು ಕೇಳಿದವ್ರು ಖರೇ ಹೇಳಬೇಕು. ಮನಸ್ಸಿಗೆ ಹತ್ತೀತು ಅಂತ ಸುಳ್ಳು ಹೇಳಂಗಿಲ್ಲ. ಪ್ರೇಮಗ ಆ ಉತ್ತರದ್ದಽ ಹಸಿವು. ಚಲೋ ಐತಿ ಅಂದ್ರ ವಾರಗಟ್ಟಲೆ ಕುಣೀತಿದ್ದ. ಸೇರಲಿಲ್ಲ ಅಂದ್ರ ಎರಡು ದಿನ ಮಾರಿ ಗಂಟ ಹಾಕ್ಕೊಂಡು ಅಡ್ಡಾಡತಿದ್ದ.

ಆ ರವಿವಾರ ಪ್ರೇಮನ ಪಾಳಿ. ಮೂವರೂ ಹಚ್ಚಿದ್ರು. ಆಲ್ಬಮ್ ಮುಗೀತು, ಕಡೀ ದನಿ ಞ್ಞೂಂ ಅಂತ ಸತ್ತಿತು. ಮೈಲೇಶ ಇಲ್ಲಿ ಬಾವಿ ಕಟ್ಟಿ ಮ್ಯಾಲೆ ಕಾದ, ಫೋನಿನ್ಯಾಗ "ಸಾಕು" ಬರ್ತೈತಿ ಅಂತ. ಮೇಘಾ ಅಲ್ಲಿ ಕತ್ತಲದಾಗ, ಗಂಡನ ಮಗ್ಗಲಾಗ ಕಾದ್ಲು. ಬಹಳ ಹೊತ್ತು... ಬಹಳ ಹೊತ್ತು ಕಾದ್ಲು. ಈ ಸಲ ಮೌನ ಚಲೋ ಉದ್ದ ಇಟ್ಟಾರ ಅಂತ ಆಕಿಗೆ ಖುಷಿ ಬ್ಯಾರೆ ಆಗಿತ್ತಂತ. ಕಡೀಕ ಪ್ರೇಮನ ಅವ್ವ ಹೊಳಿಯವ್ವ ನೀರು ಕುಡಿಯಾಕ ಎದ್ದಾಕಿ, ಒಳಗ ಬಂದು ಲೈಟ್ ಹಚ್ಚಿದ್ಲು. ಆಗ ಗೊತ್ತಾತು. ಎದಿ ಹಿಡದು, ಹಾಡಿನ ನಡುವ ಯಾವಾಗೋ ಹೋಗಿಬಿಟ್ಟಿದ್ದ.

ಕಟ್ಟಳಿ ಪ್ರಕಾರ ಹೆಂಡ್ತಿ ಸತ್ತ ಗಂಡನ ಮಗ್ಗಲಾಗ ಸುಮ್ಮನ ಕುಂತಿದ್ಲು, ನೋಡ್ರಿ. ಮುಟ್ಟಿರಲಿಲ್ಲ.

ದಿನ ಕಾರ್ಯ ಎಲ್ಲಾ ಆದ್ವು. ಬೀಗರು ಬಂದ್ರು, ಹ್ವಾದ್ರು. ಒಂದು ಮುಂಜಾನಿ ಮೇಘಾ ಎದ್ದು ತನ್ನ ಹೆಡ್‌ಫೋನ್ ಏರಿಸಿಕೊಂಡು ಕಾಟಿನ ಮ್ಯಾಲೆ ಕುಂತ್ಲು. ಅದರ ವೈರು ಯಾವ್ದಕ್ಕೂ ಚುಚ್ಚಿರಲಿಲ್ಲ, ನೆಲದ ಮ್ಯಾಲೆ ಬಿದ್ದಿತ್ತು. ತಗದ್ರ ಜಗಳಿಲ್ಲ, ಅಳುವಿಲ್ಲ. ಸ್ವಲ್ಪ ಹೊತ್ತಿಗೆ ಮತ್ತ ಏರಿಸ್ಕೊಳ್ತಿದ್ಲು. ಕೆಲಸ ಬಿಟ್ಲು. ಉಣ್ಣೂದು ಬಿಟ್ಲು. ಹೊಳಿಯವ್ವ ಬಾಯಿಗೆ ಹಿಡದ್ರ ಎರಡು ಗುಟುಕು ಅಂಬಲಿ. ಹಾವೇರ್ಯಾಗ ಡಾಕ್ಟರಿಗೆ ತೋರಿಸಿದ್ರು, ಗುಳಿಗಿ ಕೊಟ್ರು, ಗುಳಿಗಿ ಆದ್ವು. ಕೈ ಎಲ್ಲಾ ಬರೇ ಎಲುವು ಆಗಿದ್ವು.

ಮೈಲೇಶ ಒಂದಿನ ಹೋಗಿ ಮುಂದ ಕುಂತು, "ಮೇಘಾ, ಸಾಕು" ಅಂದ. ಆ ಮಾತು ಅಂದ್ರ ಬಿಚ್ಚತಾಳೇನೋ ಅಂತ.

ಆಕಿ ಗ್ವಾಡಿ ನೋಡ್ಕೊಂತಽ ಅಂದ್ಲು, "ಪಾಳಿ ನಿಮ್ಮದಲ್ಲಲ್ರಿ ಅಣ್ಣಾ."

ಎದ್ದು ಬಂದ. ಖರೇ ಹೇಳ್ಬೇಕಂದ್ರ ಅವಗೂ ಒಳಗ ಏನೂ ಉಳದಿರಲಿಲ್ಲ. ಕೈ ಮ್ಯಾಲೆ ಮಲಗಿ ಎದ್ರ ಕೈಗೆ ಜೋಮು ಹಿಡೀತೈತಲ್ಲ, ಅದು ಮೈತುಂಬ ಹಿಡದಂಗ. ಒಮ್ಮೆ ಗೋಡೌನಿನ್ಯಾಗ ಮೆಣಸಿನಕಾಯಿ ಚೀಲ ಒಡದು, ಘಾಟಿಗೆ ಹಮಾಲರೆಲ್ಲಾ ಸೀನಿ ಕೆಮ್ಮಿ ಹೊರಗ ಓಡಿದ್ರು. ಇಂವ ಅಲ್ಲೇ ನಿಂತು ಮೀಟರ್ ನೋಡಾಕತ್ತಿದ್ದ. ಪ್ರೇಮನ ಆಲ್ಬಮ್ ನೆನಪು ಮಾಡಿಕೊಂಡ್ರೂ ಏನೂ ಇಲ್ಲ, ಪ್ರೇಮನ ಮಾರಿ ನೆನಪು ಮಾಡಿಕೊಂಡ್ರೂ ಏನೂ ಇಲ್ಲ.

ಬಾವ್ಯಾಗ ದನಿ ಬಂದ ದಿನ ಮಧ್ಯಾಹ್ನ ಹೊಳಿಯವ್ವನ ಫೋನ್ ಬಂದಿತ್ತು. "ಯಪ್ಪಾ ಮೈಲೇಶ, ಅಂಬಲೀನೂ ಬಿಟ್ಲೋ. ಮಗ ಹ್ವಾದ. ಈಗ ಸೊಸಿ ಕಣ್ಣ ಮುಂದಽ ಹೊಂಟಾಳ. ನಿಮ್ಮ ಆಟ ನನಗ ತಿಳಿಯಂಗಿಲ್ಲ, ನೀವಽ ಕಟ್ಟಿದ್ದು ನೀವಽ ಬಿಡಸ್ರಿ."

ಅದಕ್ಕಽ ಮೈಲೇಶ ಓಡಲಿಲ್ಲ. ಬಾವಿ ಕಟ್ಟಿ ಮ್ಯಾಲೆ, ತಾ ರವಿವಾರ ಕುಂದ್ರೂ ಕಡೆ ಕುಂತ. ಅಂಜಿಕಿ ಬರಲಿಲ್ಲಂತ. ಅದಾದ್ರೂ ಬಂದಿದ್ರ ಚಲೋ ಇತ್ತು ಅಂತ ನನ್ನ ಮುಂದ ಅಂದ.

"ಪ್ರೇಮಾ..." ಅಂದ, ಸಣ್ಣಗ.

ದನಿ ನಿಂತಿತು. ಕೆಳಗ ನೀರಿನ್ಯಾಗ ಟಪಕ್... ಅಂತ ಒಂದು ಹನಿ.

ಫೋನ್ ತಗದು ಅದಽ ಆಲ್ಬಮ್ ಮೊದಲಿಂದ ಹಚ್ಚಿದ. ಇಯರ್‌ಫೋನ್ ವೈರಿಂದು, ಬ್ಲೂಟೂತಿನ್ಯಾಗ ಕೆಳಗಿನ ದನಿ ಸತ್ತು ಹೊಕ್ಕೈತಿ ಅಂತ ಪ್ರೇಮನಽ ಕೊಡಿಸಿದ್ದು. ಒಂದನ್ನ ಬಲಗಿವಿಗೆ ಇಟಗೊಂಡ. ಇನ್ನೊಂದನ್ನ ಮಗ್ಗಲಕ್ಕ, ಕತ್ತಲದಾಗ ಹಿಡದ. ಹಿಡಕೊಂಡು ಕುಂತ. ಕೈ ಸೋತು ಬಿಟ್ಟ.

ಅದು ಕೆಳಗ ಬೀಳಲಿಲ್ಲ.

ವೈರು ಟುಕ್ ಅಂತ ಒಮ್ಮೆ ಜಗ್ಗಿತು. ಆಮ್ಯಾಲೆ ಹಂಗಽ ನಿಂತಿತು, ಮಗ್ಗಲಾಗ ಯಾರರ ಕುಂತು ಕಿವಿಗೆ ಇಟಗೊಂಡ್ರ ಎಷ್ಟೆತ್ತರಕ್ಕ ಇರ್ತೈತೋ ಅಷ್ಟೆತ್ತರಕ್ಕ. ಮೈಲೇಶ ತಿರುಗಿ ನೋಡಲಿಲ್ಲ. ಹಾಡು ನಡದಾಗ ಒಬ್ಬರ ಮಾರಿ ಒಬ್ಬರು ನೋಡೂ ರೂಢಿ ಅವರದಿರಲಿಲ್ಲ.

ಮೊದಲನೇ ಹಾಡು ಆತು. ಎರಡನೇದು ಆತು. ಗಿಡದಾಗ ಬಾವಲಿ ಫಡ್ ಫಡ್ ಅಂತ ಎದ್ದು ಹೋತು. ದೂರ ಹೈವೇದಾಗ ಲಾರಿ ಹಾರ್ನ್. ಮೂರನೇದು ಬಂತು, ಕಡೀ ತಂತಿ ಬಿತ್ತು, ಞ್ಞೂಂ... ಅಂತ ಸಣ್ಣದಾಗಿ, ಇನ್ನೂ ಸಣ್ಣದಾಗಿ ಹೋತು. ಇಬ್ಬರೂ ಸುಮ್ಮನ ಕುಂತ್ರು.

ಆಮ್ಯಾಲೆ ಮಗ್ಗಲಾಗ, ಮೆಲ್ಲಗ...

"ಸಾಕು."

ಮೈಲೇಶ ಉಸರು ಬಿಟ್ಟ.

"ಹೆಂಗೈತಿ?"

ಚಲೋ ಐತಿ ಅಂದ್ರ ಆಗತಿತ್ತು. ಒಂದು ಮಾತು. ಸತ್ತಾಂವ ಅದನ್ನಽ ಕೇಳಾಕ ಬಂದಾನ. ಆದ್ರ ಖರೇನಽ ಹೇಳಬೇಕು ಅಂತ ಕಲಿಸಿದಾಂವ ಅಂವನಽ ಅಲ್ಲ?

"ನನಗೇನೂ ಅನಸಲಿಲ್ಲೋ, ಪ್ರೇಮಾ."

"...ಖರೇ?"

"ಖರೇ."

ಕೆಳಗ ಟಪಕ್ ಅಂತು.

"ಮೇಘಾಗ?"

"ಆಕಿ ಇನ್ನೂ ಕೇಳಾಕತ್ತಾಳೋ. ಆಕಿಗೆ ನೀ ಸಾಕು ಅಂದಿಲ್ಲಲ್ಲ. ಸಾಯಾಕ ಬಂದಾಳ."

ಬಿಟ್ಟಿದ್ದ ಇಯರ್‌ಫೋನ್ ಚಟ್ ಅಂತ ಕಲ್ಲಿನ ಮ್ಯಾಲೆ ಬಿತ್ತು. ಗಡಗಡಿ ಮತ್ತ ಕಿರ್ರ್ ಅನ್ನಾಕ ಹತ್ತಿತು.

ಮರುದಿನ ಮುಂಜಾನಿ ಹೊಳಿಯವ್ವ ತಾನಽ ಫೋನ್ ಮಾಡಿದ್ಲು. ಮೈಲೇಶ ಬಸ್ ಹಿಡದು ರಾಣೆಬೆನ್ನೂರಿಗೆ ಹ್ವಾದ. ಮೇಘಾ ಅಡಿಗಿ ಮನ್ಯಾಗ ಕುಂತು ರೊಟ್ಟಿ ತಿನ್ನಾಕತ್ತಿದ್ಲು. ಪುಂಡಿ ಪಲ್ಯ, ರೊಟ್ಟಿ. ತಲಿ ಮ್ಯಾಲೆ ಹೆಡ್‌ಫೋನ್ ಇರಲಿಲ್ಲ. ಇವಗೂ ಒಂದು ತಾಟು ಹಾಕಿದ್ಲು. ಇಬ್ಬರೂ ಉಂಡ್ರು, ಊರ ಮಾತು, ರೈಲಿನ ಮಾತು ಆಡಿದ್ರು. ರಾತ್ರಿದು ಇಂವ ಬಾಯಿ ಬಿಡಲಿಲ್ಲ. ಅವತ್ತಿನ ತನಕ ಯಾರ ಮುಂದೂ ಬಿಟ್ಟಿರಲಿಲ್ಲ, ಅದನ್ನ ನೆನಪಿಡ್ರಿ.

ಹೊಂಟಾಗ ಮೇಘಾ ಬಾಗಲ ತನಕ ಬಂದ್ಲು.

"ಅಣ್ಣಾ, ನೀವು ಸುಳ್ಳರ ಹೇಳಬೇಕಿತ್ರಿ."

"ಏನವಾ?"

"ಏನೂ ಅನಸಲಿಲ್ಲ ಅಂದ್ರಂತಲ್ಲ. ನಮ್ಮವ್ರು ಕಾಟಿನ ಮ್ಯಾಲೆ ಕುಂತು ಅದನ್ನಽ ಅಂದ್ರು, ರಾತ್ರಿಯೆಲ್ಲಾ. ಮೈಲೇಶಗ ಏನೂ ಅನಸಲಿಲ್ಲಂತ, ಮೈಲೇಶಗ ಏನೂ ಅನಸಲಿಲ್ಲಂತ... ಆಮ್ಯಾಲೆ ನನ್ನ ಕೇಳಿದ್ರು."

"ನೀ ಏನಂದಿ?"

"ಭಾಳ ಸೇರೇತ್ರಿ ಅಂದೆ."

"ಖರೇ?"

ಮೇಘಾ ಸೆರಗಿಲೆ ಕೈ ಒರಸ್ಕೊಂಡ್ಲು. "ಇಲ್ರಿ. ನನಗೂ ಏನೂ ಅನಸಲಿಲ್ಲ. ಆದ್ರ ಅವ್ರು ಹೋಗಬೇಕಿತ್ತಲ್ರಿ ಅಣ್ಣಾ."

ಅಷ್ಟಽ. ಒಳಗ ಹ್ವಾದ್ಲು. ಈಗ ಚಲೋ ಅದಾಳ, ಮತ್ತ ಹಾವೇರಿಗೆ ಕೆಲಸಕ್ಕ ಹೊಕ್ಕಾಳ. ರೈಲಿನ್ಯಾಗ ಸಿಕ್ರ ನೀವೂ ಮಾತಾಡಸ್ರಿ. ನಂಬೂದಾದ್ರ ನಂಬ್ರಿ, ಬಿಡೂದಾದ್ರ ಬಿಡ್ರಿ, ನಾ ಏನೂ ಕಟ್ಟಿ ಹೇಳಾಕತ್ತಿಲ್ಲ. ಹೊಳಿಯವ್ವನ್ನೂ ನಾ ಕೇಳೇನಿ. ಆಕಿ ಹಾಡು ಗೀಡು ತಿಳಿಯಂಗಿಲ್ಲ ಅಂತಾಳ. ಆಕೀದು ಒಂದಽ ತಕರಾರು. ಆ ಕಾಟಿನ ಮ್ಯಾಲಿನ ಗಾದಿ, ಮೇಘಾ ಮಲಗೂ ಬಾಜೂ ಅಲ್ಲ, ಪ್ರೇಮ ಕುಂದ್ರತಿದ್ದ ಆಚಿ ಬಾಜೂ, ಅಂಚಿಗೆ ಒಂದು ತಗ್ಗು ಬಿದ್ದೈತಿ. ಬಿಸಲಿಗೆ ಹಾಕಿದ್ಲು, ಕೋಲಿಲೆ ಬಡದ್ಲು, ಪಿಂಜಾರನ್ನ ಕರಿಸಿ ಹತ್ತಿ ಬಿಚ್ಚಿ ಹಿಂಜಿಸಿ ಹೊಸದಾಗಿ ತುಂಬಿಸಿದ್ಲು. ಮರುದಿನ ಮುಂಜಾನಿ ಮತ್ತ ಅಲ್ಲೇ ತಗ್ಗು. ನಾ ಹೋಗಿ ಕೈ ಇಟ್ಟು ನೋಡೇನಿ.