ಬಿಳಿ ಮರ್ಮೆಲಾದ, ಕೆಂಪು ಮರ್ಮೆಲಾದ

ಅಧ್ಯಕ್ಷರಾದ ಸೆನ್ಯೋರ್ ಅನ್ಸೆಲ್ಮೊ ಅವರೇ, ಇಂದು ಬಿಡುಗಡೆಯಾದ ಪುಸ್ತಕವನ್ನು ಬರೆದ ಪ್ರೊಫೆಸರ್ ನಬಾಯ್ಸ್ ಅವರೇ, ಮುಂದಿನ ಸಾಲಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನೆರೆಮನೆಯ ಡೊನಾ ಎತೆಲ್ವೀನಾ ಅವರೇ, ಸಭಿಕರೇ,

ಮೂವತ್ತೈದು ವರ್ಷ ಈ ಊರಿಗೆ ಅಂಚೆ ಹಂಚಿದವನು ನಾನು. ಭಾಷಣ ಬರುವುದಿಲ್ಲ. ದಿನಚರಿಯಲ್ಲಿ ಬರೆದುಕೊಂಡದ್ದನ್ನೇ ಹೇಳುತ್ತೇನೆ.

ಪ್ರೊಫೆಸರ್ ಅವರು ಮೊದಲೇ ಕಳಿಸಿಕೊಟ್ಟಿದ್ದ ಈ ಪುಸ್ತಕವನ್ನು ಎರಡು ಸಲ ಓದಿದೆ. ಹಸಿಯಾಗಿ ಕಚ್ಚಿದರೆ ಬಾಯೆಲ್ಲ ಒಗರಾಗುವ, ಕಲ್ಲಿನಂಥ ನಮ್ಮ ಮರ್ಮೆಲು ಹಣ್ಣಿಗೆ ಎಷ್ಟು ದೊಡ್ಡ ಚರಿತ್ರೆ! ಅದನ್ನು ಬೇಯಿಸಿ, ಸಕ್ಕರೆ ಸೇರಿಸಿ, ಗಟ್ಟಿ ಮಾಡಿದ ಮರ್ಮೆಲಾದವನ್ನು ಪೆಟ್ಟಿಗೆಯಲ್ಲಿಟ್ಟು ಲಿಸ್ಬನ್ನಿನಿಂದ ಹಡಗಿನಲ್ಲಿ ಕಳಿಸುತ್ತಿದ್ದರಂತೆ. ಇಂಗ್ಲಿಷರು ತಿಂದು ಚಪ್ಪರಿಸಿ, ಕೊನೆಗೆ 'ಮಾರ್ಮಲೇಡ್' ಎಂಬ ಹೆಸರನ್ನಷ್ಟೇ ಉಳಿಸಿಕೊಂಡು ಒಳಗೆ ಕಿತ್ತಳೆ ತುಂಬಿದರಂತೆ! ಇದನ್ನು ಓದಿ ಅಡುಗೆಮನೆಯಲ್ಲಿ ಒಬ್ಬನೇ ನಕ್ಕೆ. ಆದರೆ ಕೊನೆಯ ಪುಟದಲ್ಲಿ ಹೀಗಿದೆ: "ಈ ಊರಿನ ಬಿಳಿ ಮರ್ಮೆಲಾದದ ವಿಧಾನ ಅರ್ಮಿಂದಾ ಅವರೊಂದಿಗೇ ಹೋಯಿತು."

ಅರ್ಮಿಂದಾ ನನ್ನ ಹೆಂಡತಿ. ಫೆಬ್ರವರಿಯಲ್ಲಿ ತೀರಿಕೊಂಡಳು. ನಿಜವಾಗಿಯೂ ಎಲ್ಲವೂ ಅವಳೊಂದಿಗೇ ಹೋಯಿತೇ? ನನಗೆ ಅದು ತಿಳಿಯಬೇಕಿತ್ತು.

ವಿಧಾನ ಗೊತ್ತಿದೆ ಎಂದುಕೊಂಡಿದ್ದೆ. ಪ್ರತಿ ಅಕ್ಟೋಬರಿನಲ್ಲಿ ಎತೆಲ್ವೀನಾ ಬಂದು ಕೇಳುವುದನ್ನು ನಾನೇ ಕೇಳಿದ್ದೆನಲ್ಲ!

"ಏನೇ ಅರ್ಮಿಂದಾ, ನಿಂದು ಬೆಣ್ಣೆ ಹಾಗಿರುತ್ತೆ. ನಂದ್ಯಾಕೆ ಪ್ರತಿ ಸಲ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ?"

"ನಿಂಗೆ ಅವಸರ ಕಣೇ. ಮುಚ್ಚಳ ಮುಚ್ಚಿ ಸಣ್ಣ ಉರೀಲಿ ಇನ್ನೂ ಸ್ವಲ್ಪ ಹೊತ್ತು ಬಿಡು."

ಈ ಅಕ್ಟೋಬರಿನಲ್ಲಿ ನಾನೂ ಹಾಗೆಯೇ ಮಾಡಿದೆ. ಕೆಂಪಾಯಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟೆ. ಇನ್ನೂ ಕೆಂಪಾಯಿತು. ಸಕ್ಕರೆ ಬದಲಿಸಿದೆ, ಪಾತ್ರೆ ಬದಲಿಸಿದೆ. ಕೆಂಪೋ ಕೆಂಪು. ಅವಳು ಮಾಡುವುದನ್ನು ನೋಡಿಯಾದರೂ ಇದ್ದೆನೇ? ಇಲ್ಲ. ಆ ಹೊತ್ತಿಗೆ ಸರಿಯಾಗಿ ನಿಂಬೆಹಣ್ಣು ತರಲು ನನ್ನನ್ನು ಓಡಿಸುತ್ತಿದ್ದಳು. ಆದರೆ ಪಾತ್ರೆ ತೊಳೆಯುವುದು ನನ್ನ ಕೆಲಸವಾಗಿತ್ತು. ಒಂದು ಪಾತ್ರೆಯಲ್ಲಿ ಹಣ್ಣು, ಇನ್ನೊಂದರಲ್ಲಿ ಬರೀ ಸಕ್ಕರೆ ಪಾಕ ಕಲ್ಲಿನ ಹಾಗೆ ಅಂಟಿರುತ್ತಿತ್ತು. ಮುಚ್ಚಳ ಮಾತ್ರ ಒಂದು ವರ್ಷವೂ ತೊಳೆಯಲು ಬಂದಿರಲಿಲ್ಲ.

ಸಭಿಕರೇ, ಮುಚ್ಚಳ ಮುಚ್ಚಬಾರದು. ಪಾಕವನ್ನು ಬೇರೆಯಾಗಿ ಗಟ್ಟಿ ಮಾಡಿ, ಒಲೆಯಿಂದ ಇಳಿಸಿ, ಬೆಂದ ಹಣ್ಣನ್ನು ಅದಕ್ಕೆ ಹಾಕಿ, ತೋಳು ಸೋಲುವವರೆಗೆ ಕದಡಬೇಕು. ಹಾಗೆ ಮಾಡಿದೆ, ಬೆಳ್ಳಗೆ ಬಂತು. ಬಟ್ಟಲನ್ನು ನೋಡುತ್ತಾ ನಿಂತುಬಿಟ್ಟೆ. ಗುಟ್ಟು ಸಿಕ್ಕಿತ್ತು. ಅದರ ಜೊತೆಗೆ, ನನ್ನ ಹೆಂಡತಿ ಗೆಳತಿಗೆ ಮೂವತ್ತೊಂದು ವರ್ಷ ಸುಳ್ಳು ಹೇಳಿದ್ದಳು ಎಂಬುದೂ ಸಿಕ್ಕಿತ್ತು.

ಇವತ್ತು ನೀವು ಗೌರವಿಸುತ್ತಿರುವುದು ಅವಳನ್ನು. ಈ ವೇದಿಕೆಯ ಮೇಲೆ ಇದನ್ನು ಹೇಗೆ ಹೇಳಲಿ? ಹೇಳದಿದ್ದರೆ ಪುಸ್ತಕದ ಆ ಸಾಲೇ ನಿಜವಾಗಿಬಿಡುತ್ತದೆ. ಮೊನ್ನೆ ಆ ಬಟ್ಟಲನ್ನು ಹಿಡಿದು ಎತೆಲ್ವೀನಾ ಮನೆಗೆ ಹೋದೆ. ಆಕೆ ಒಂದು ಚೂರು ಬಾಯಿಗಿಟ್ಟುಕೊಂಡರು.

"ಕಳ್ಳಿ!" ಎಂದರು. "ಮೂವತ್ತೊಂದು ವರ್ಷ ಕಣಯ್ಯಾ ಬೆಲ್ಮೀರು! ಎಂಥಾ ಕಳ್ಳಿ!" ನಕ್ಕರು, ಕಣ್ಣು ಒರೆಸಿಕೊಂಡರು. "ಮೊದಲ್ನೇ ವರ್ಷಾನೇ ಸರಿಯಾಗಿ ಹೇಳ್ಬಿಟ್ಟಿದ್ರೆ ನಾನು ಮತ್ತೆ ಯಾಕೆ ನಿಮ್ಮನೆ ಮೆಟ್ಟಿಲು ಹತ್ತುತಿದ್ದೆ? ಹೋಗು, ಸಭೇಲೇ ಹೇಳು. ಎಲ್ರೂ ಬೈಕೊಳ್ಳಲಿ ಅವಳನ್ನ."

ಆದ್ದರಿಂದ ಹೇಳಿದ್ದೇನೆ. ಪ್ರೊಫೆಸರ್ ಅವರೇ, ದಯವಿಟ್ಟು ಆ ಸಾಲನ್ನು ತಿದ್ದಿ.

ಇನ್ನೊಂದು ವಿಷಯ, ಅರ್ಮಿಂದಾಗೆ ಎಂದೂ ಹೇಳದೆ ಇದ್ದದ್ದು. ಎತೆಲ್ವೀನಾ ಕಳಿಸುತ್ತಿದ್ದ ಕೆಂಪು ಮರ್ಮೆಲಾದದ ಬಟ್ಟಲನ್ನು ಪ್ರತಿ ವರ್ಷ ಖಾಲಿ ಮಾಡುತ್ತಿದ್ದವನು ನಾನು. ಈ ವರ್ಷ ಅದು ಬರಲಿಲ್ಲ. ಡೊನಾ ಎತೆಲ್ವೀನಾ, ನೀವು ಇನ್ನು ಬಿಳಿ ಮಾಡಬಲ್ಲಿರಿ, ನಿಜ. ಆದರೂ ಒಂದೇ ಒಂದು ಬಟ್ಟಲಿಗಾಗಿ ಮುಚ್ಚಳ ಮುಚ್ಚುತ್ತೀರಾ? ತೆಗೆದುಕೊಂಡು ಹೋಗಲು ನಾನೇ ಬರುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ಎಲ್ಲರಿಗೂ ಋಣಿ. ನಮಸ್ಕಾರ.