ಅರಳೆ ಮಿಲ್ಲಿನ ಫ್ಯೂಜು

ಸಿಂಧನೂರಿನಿಂದ ಸಾಲಗುಂದಕ್ಕೆ ಹೋಗುವ ದಾರಿಯಲ್ಲಿ ಒಂದು ಅರಳೆ ಮಿಲ್ಲಿತ್ತು. ಮಿಲ್ಲಿನ ಮುಂದೆ ಆಲದ ಮರ. ಮರದ ಪಕ್ಕದಲ್ಲಿ ಮೆಟ್ಟಿಲಿನ ಬಾವಿ. ಕತ್ತಲಾದ ಮೇಲೆ ಆ ದಾರಿ ಹಿಡಿಯುವವರು ಕಡಿಮೆ. ಆ ರಾತ್ರಿ ವೆಂಕೋಬ ಮತ್ತು ಪಕೀರಪ್ಪ ಹಿಡಿದರು. ಮಸ್ಕಿಯಿಂದ ಬಂದ ಕಡೆಯ ಬಸ್ಸು ಅವರನ್ನು ಸಿಂಧನೂರಿನಲ್ಲಿ ಇಳಿಸಿತ್ತು. ಮುಂದಕ್ಕೆ ಗಾಡಿ ಇರಲಿಲ್ಲ.

ವೆಂಕೋಬ ನಮ್ಮ ಸೋದರಮಾವನ ಮಗ. ಬಿಎಸ್ಸಿ ಮಾಡಿದವನು. ದೆವ್ವದ ಮಾತು ಬಂದರೆ ಎದ್ದು ಹೋಗುತ್ತಿದ್ದ. ಪಕೀರಪ್ಪ ಅವನ ಜೊತೆ ಓದಿದವನು, ಹಾಡುಗಾರ. ಅವನ ಬೆನ್ನಿಗೆ ಗಿಟಾರು ಇತ್ತು.

"ರಾಯಚೂರಾಗ ಒಬ್ಬ ಡ್ರಮ್ಮರ್ ಸಿಕ್ಕಾನಲೇ," ಪಕೀರಪ್ಪ ಪಿಸುಗುಟ್ಟಿದ. "ಬ್ಯಾಂಡು ಮತ್ತ ಚಾಲೂ ಮಾಡೂಣು."

"ಇಲ್ಲಿ ಆ ಮಾತು ಬ್ಯಾಡ."

"ಯಾಕ? ಬಿಎಸ್ಸಿಯವ ಅಂಜಾಕತ್ತಿಯೇನು?"

"ಬಾಯಿ ಮುಚ್ಚಿ ನಡಿ."

ಆಲದ ಮರ ಹತ್ತಿರ ಬಂತು. ಹಿಂದೆ ಸಿಂಧನೂರಿನ ದೀಪಗಳು ಕಾಣುತ್ತಿದ್ದವು. ಒಮ್ಮೆಲೇ ಎಲ್ಲವೂ ಆರಿದವು.

"ಕರೆಂಟ್ ಹೋತು," ಪಕೀರಪ್ಪ ಅಂದ.

ಆಗ ಬಾವಿಯೊಳಗಿಂದ ಬಂತು...

ಧುಮ್... ಧುಮ್-ಧುಮ್... ಠಕ್.

ಇಬ್ಬರೂ ನಿಂತರು.

ಧುಮ್... ಧುಮ್-ಧುಮ್... ಠಕ್.

ಆ ಬಡಿತ ಅವರಿಗೆ ಗೊತ್ತಿತ್ತು. ಆ ವರ್ಷಗಳಲ್ಲಿ ಸಿಂಧನೂರಿನ ಕಾಲೇಜಿಗೆ ಹೋದ ಯಾರನ್ನು ಕೇಳಿದರೂ ತೊಡೆಯ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತಾರೆ. ಅದು ಹುಸೇನಪ್ಪನ ಬಡಿತ. ಹುಸೇನಪ್ಪ ಸತ್ತು ಆಗಲೇ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದ್ದವು.

ಬ್ಯಾಂಡಿನ ಹೆಸರು ಕೆನಾಲ್ ಬಾಯ್ಸ್. ಎಂಬತ್ತೊಂಬತ್ತರಲ್ಲಿ ಕಾಲೇಜಿನ ನಾಲ್ವರು ಸೇರಿ ಕಟ್ಟಿದ್ದು. ಮಿಲ್ಲು ಬಂದ್ ಆಗಿತ್ತು, ಕರೆಂಟು ಮಾತ್ರ ಇತ್ತು. ಕಾವಲುಗಾರ ದಾವಲ್‌ಸಾಬ್ ಅಂಗಳದಲ್ಲಿ ಬಾರಿಸಲು ಬಿಟ್ಟ. ಮೊದಮೊದಲು ಡ್ರಮ್ ಸೆಟ್ ಇರಲಿಲ್ಲ. ಹುಸೇನಪ್ಪನ ಅಪ್ಪ ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹಲಗೆ ಬಾರಿಸುತ್ತಿದ್ದವನು. ಮಗ ಅದೇ ಹಲಗೆಯನ್ನು ಬೆಂಕಿಗೆ ಕಾಯಿಸಿ ತಂದು, ಪಕ್ಕದಲ್ಲಿ ಒಂದು ಎಣ್ಣೆ ಡ್ರಮ್ ಇಟ್ಟುಕೊಂಡು ಬಾರಿಸಿದ. ಕೇಳಲು ಬಂದವರು ಹತ್ತಿಬೀಜದ ಚೀಲಗಳ ಮೇಲೆ ಕೂತರು. ಮರುವಾರ ಚೀಲ ಸಾಲಲಿಲ್ಲ. ಗೇಟಿನಲ್ಲಿ ಹಾಜಿರಾಬೀ ಒಗ್ಗರಣೆ-ಮಿರ್ಚಿಯ ಗಾಡಿ ಹಚ್ಚಿದಳು. ಹುಡುಗರು ಕೂದಲು ಬಿಟ್ಟರು. ಹುಡುಗಿಯರು ಅರಳೆಯ ಅಂಡಿಗೆ ತೂಗುವ ಕಟ್ಟೆಯ ಮೇಲೆ ದುಪಟ್ಟಾ ಬಿಗಿದುಕೊಂಡು ಕೂರುತ್ತಿದ್ದರು. ಪರೀಕ್ಷೆಯ ಹಿಂದಿನ ದಿನವೂ ಅಂಗಳ ತುಂಬಿರುತ್ತಿತ್ತು.

ಅವರದೇ ಒಂದು ಹಾಡಿತ್ತು. "ನೀರ ಬಿಟ್ಟಾರೋ... ಕಾಲುವಿಗೆ ನೀರ ಬಿಟ್ಟಾರೋ." ಒಮ್ಮೆ ಆ ಹಾಡಿನ ನಡುವೆ ಕರೆಂಟು ಹೋಯಿತು. ಗಿಟಾರು ಸತ್ತಿತು, ಮೈಕು ಸತ್ತಿತು. ಹುಸೇನಪ್ಪ ನಿಲ್ಲಿಸಲಿಲ್ಲ. ಕತ್ತಲಲ್ಲಿ ಒಬ್ಬನೇ ಬಾರಿಸುತ್ತಾ ಕೂತ. ಧುಮ್... ಧುಮ್-ಧುಮ್... ಠಕ್. ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕರೆಂಟು ಬಂದ ತಕ್ಷಣ ಉಳಿದ ಮೂವರೂ ಒಂದೇ ಪೆಟ್ಟಿಗೆ ಹಾಡಿನೊಳಗೆ ನುಗ್ಗಿದರು. ಜನ ಹುಚ್ಚೆದ್ದರು.

ಅಲ್ಲಿಂದ ಅದು ಬ್ಯಾಂಡಿನ ಕಟ್ಟಳೆಯಾಯಿತು. ಬೆಳಕು ಬರುವತನಕ ಹುಸೇನಪ್ಪ ಕೈ ನಿಲ್ಲಿಸುವ ಹಾಗಿಲ್ಲ. ಆದರೆ ಕರೆಂಟು ಬೇಕಾದಾಗ ಹೋಗುವುದಿಲ್ಲ. ಅದನ್ನು ತೆಗೆಯುವ ಕೆಲಸವನ್ನು ಬ್ಯಾಂಡಿನ ವೈರು-ಮೈಕು ನೋಡಿಕೊಳ್ಳುತ್ತಿದ್ದ ವೆಂಕೋಬನಿಗೆ ಕೊಟ್ಟರು. ಪಕೀರಪ್ಪ ಗಿಟಾರಿನ ಕುತ್ತಿಗೆ ಮೇಲೆತ್ತಿದರೆ ವೆಂಕೋಬ ಬೋರ್ಡಿನಿಂದ ಪಿಂಗಾಣಿಯ ಫ್ಯೂಜು ಕೀಳಬೇಕು. ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು. ಬ್ಯಾಂಡಿನವರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಕೆನಾಲ್ ಬಾಯ್ಸ್ ಹಾಡಿದರೆ ಕರೆಂಟೇ ತಲೆಬಾಗುತ್ತದೆ ಎಂದು ಜನ ಹೇಳಿಕೊಂಡು ತಿರುಗಿದರು.

ಮಸ್ಕಿಯ ಕಾರ್ಯಕ್ರಮದಲ್ಲಿ ಜಗಳ ಹುಟ್ಟಿತು. ಲಿಂಗಸುಗೂರು ಕಡೆಯ ಹುಡುಗರು ಮುಂದೆ ನಿಂತಿದ್ದರು. ಆ ಕಡೆ ಎಲ್ಲ ಒಣಭೂಮಿ, ಕಾಲುವೆ ಇಲ್ಲ.

"ನಮಗ ಕುಡಿಯಾಕ ನೀರಿಲ್ಲ. ನಮ್ಮ ಮುಂದ ನೀರ ಬಿಟ್ಟಾರ ಅಂತ ಕುಣೀತೀರೇನಲೇ?" ಒಬ್ಬ ಕೂಗಿದ.

ಪಕೀರಪ್ಪ ಮೈಕಿನಲ್ಲೇ ಉತ್ತರ ಕೊಟ್ಟ. "ನೀರಡಿಕ್ಯಾದರ ಸಿಂಧನೂರಿಗೆ ಬರ್ರಿಲೇ, ಕುಡಿಸ್ತೀವಿ."

ಅವರು ಬಂದರು. ಮಿಲ್ಲಿನಲ್ಲಿ ಮುಂದಿನ ಕಾರ್ಯಕ್ರಮಕ್ಕೆ ಒಂದು ಟೆಂಪೋ ತುಂಬ ಬಂದು ಹಿಂದೆ ನಿಂತರು. ಅಂಗಿಯೊಳಗೆ ಸೈಕಲ್ ಚೈನು ಇಟ್ಟುಕೊಂಡಿದ್ದರು. ವೆಂಕೋಬ ಅವರನ್ನು ನೋಡಿದ. ಹಾಡು ಶುರುವಾಯಿತು. ಪಕೀರಪ್ಪ ಗಿಟಾರಿನ ಕುತ್ತಿಗೆ ಎತ್ತಿದ. ವೆಂಕೋಬ ಒಂದು ಕ್ಷಣ ತಡೆದ... ಆಮೇಲೆ ರೂಢಿಯಂತೆ ಫ್ಯೂಜು ಕಿತ್ತ.

ಆ ಹುಡುಗರಿಗೆ ಬೇಕಾದದ್ದೂ ಕತ್ತಲೇ.

ಸೋಡಾ ಬಾಟ್ಲಿಗಳು ಹಾರಿದವು. ಗಾಜು ಒಡೆಯುವ ಸದ್ದು, ಹೆಣ್ಣುಮಕ್ಕಳ ಚೀರಾಟ. ಚೈನುಗಳು ಗಾಳಿಯಲ್ಲಿ ಸುಂಯ್ ಎಂದು ಬಂದು ಮೈಗೆ ಛಟ್ ಎಂದು ಅಪ್ಪಳಿಸಿದವು. ವೆಂಕೋಬನ ಕೂದಲು ಹಿಡಿದು ಯಾರೋ ಗೋಡೆಗೆ ಜಜ್ಜಿದರು. ಬಾಯಿ ತುಂಬ ರಕ್ತ. ಅವನು ಬಿಡಿಸಿಕೊಂಡು ಓಡಿದ. ಪಕೀರಪ್ಪ ಆಗಲೇ ಓಡಿದ್ದ. ಎಲ್ಲರೂ ಓಡಿದ್ದರು.

ಹುಸೇನಪ್ಪ ಓಡಲಿಲ್ಲ. ಬೆಳಕು ಬಂದಿರಲಿಲ್ಲ.

ಗದ್ದೆಯ ಬದುವಿನ ಹಿಂದೆ ಬಿದ್ದುಕೊಂಡು ವೆಂಕೋಬ ಕೇಳಿದ. ಧುಮ್... ಧುಮ್-ಧುಮ್... ಠಕ್. ಅದರ ನಡುವೆ ಚೈನಿನ ಛಟ್. ಕಬ್ಬಿಣದ ಸ್ಟ್ಯಾಂಡು ಎಲುಬಿಗೆ ಬಿದ್ದ ಸದ್ದು. "ನೀರ ಬಿಟ್ಟಾರೇನಲೇ? ಕುಡಿ ಮಗನ!" ಆಮೇಲೆ ಬಾವಿಯ ನೀರಿಗೆ ಧೊಪ್. ಮತ್ತೊಂದು ಧೊಪ್. ಟೆಂಪೋ ಹೋಯಿತು.

ಆಮೇಲೆ ಬಾವಿಯೊಳಗಿಂದ ಕೇಳಿಸಿತು... ಧುಮ್... ಧುಮ್-ಧುಮ್... ಠಕ್.

ತೇಲುವ ಡ್ರಮ್ಮು ಕಲ್ಲಿಗೆ ತಾಗುತ್ತಿದೆ ಎಂದುಕೊಂಡ ವೆಂಕೋಬ. ತುಂಬ ಹೊತ್ತು ಕೇಳಿಸಿತು. ನಿಧಾನವಾಯಿತು. ನಿಂತಿತು. ಆಗ ಅವನಿಗೆ ಗೊತ್ತಾಯಿತು, ಫ್ಯೂಜು ತನ್ನ ಮುಷ್ಟಿಯಲ್ಲೇ ಇದೆ.

ಬೆಳಿಗ್ಗೆ ಪೊಲೀಸರು ಹುಸೇನಪ್ಪನನ್ನು ಮೇಲೆ ತಂದರು. ಪಕ್ಕೆಲುಬು ಮುರಿದಿದ್ದವು. ಎಡಗೈಯ ಉಗುರುಗಳೆಲ್ಲ ಕಿತ್ತುಹೋಗಿದ್ದವು. ಬಲಗೈಯಲ್ಲಿ ಕೋಲು ಹಾಗೇ ಇತ್ತು, ಬಿಡಿಸಲು ಆಗಲಿಲ್ಲ. ಟೆಂಪೋದವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ. ಕರೆಂಟ್ ಆಫೀಸಿನವರು ಬಂದು ಕಂಬದಿಂದ ಮಿಲ್ಲಿಗೆ ಹೋಗುವ ವೈರು ಕತ್ತರಿಸಿ, ಸುತ್ತಿಕೊಂಡು ಹೋದರು. ಮಿಲ್ಲು ಕತ್ತಲಾಯಿತು.

ಈಗ ಅದೇ ಬಾವಿಯಿಂದ ಅದೇ ಬಡಿತ.

"ಹಿಂದ ನೋಡಬ್ಯಾಡ," ವೆಂಕೋಬ ಅಂದ. "ನಡಿ."

ಪಕೀರಪ್ಪ ನಡೆಯಲಿಲ್ಲ. "ಕರಿಯಾಕತ್ತಾನಲೇ," ಅಂದ. "ಹಾಡಿನಾಗ ಬಾ ಅಂತಾನ."

ಅವನ ಬಲಗೈ ಮುಂದಕ್ಕೆ ಚಾಚಿಕೊಂಡಿತು. ಯಾರೋ ಮಣಿಕಟ್ಟು ಹಿಡಿದು ಎಳೆದಂತೆ... ಅವನು ಕಾಲು ಊರಿದ, ಚಪ್ಪಲಿ ಕಿತ್ತುಹೋದವು. ವೆಂಕೋಬ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದ. ಇಬ್ಬರೂ ಬಾವಿಯ ಕಟ್ಟೆಯವರೆಗೆ ಜಾರಿದರು. ಆ ಕೈ ಮೇಲೆದ್ದು ಕಲ್ಲಿಗೆ ಅಪ್ಪಳಿಸಿತು.

ಧುಮ್. ಪಕೀರಪ್ಪ ಕೂಗಿದ. ಧುಮ್-ಧುಮ್. ಬೆರಳುಗಳು ಒಣಕಟ್ಟಿಗೆಯಂತೆ ಲಟಲಟ ಮುರಿದವು. ಠಕ್... ಅದು ಮಣಿಕಟ್ಟು. ವೆಂಕೋಬನ ಮುಖಕ್ಕೆ ಬಿಸಿ ರಕ್ತ ಸಿಡಿಯಿತು. ಮತ್ತೆ ಮೊದಲಿಂದ. ಧುಮ್...

ದೂರದಲ್ಲಿ ಸಿಂಧನೂರಿನ ದೀಪಗಳು ಹತ್ತಿದವು. ಕೈ ದೊಪ್ಪನೆ ಸಡಿಲಾಗಿ ಬಿತ್ತು.

ಕೈಮೇಲೆ ಬಂಡೆಗಲ್ಲು ಬಿತ್ತು ಎಂದು ಪಕೀರಪ್ಪ ಡಾಕ್ಟರಿಗೆ ಹೇಳಿದ. ಅವನು ಮತ್ತೆ ಗಿಟಾರು ಹಿಡಿಯಲಿಲ್ಲ. ಗುರುಗುಂಟಾದಲ್ಲಿ ಅಕ್ಕನ ಮನೆ ಸೇರಿದ.

ಮುಂದಿನ ಸಲ ಕರೆಂಟು ಹೋದಾಗ ವೆಂಕೋಬ ಮನೆಯಲ್ಲಿ ಮಲಗಿದ್ದ. ಸದ್ದು ಬರಲಿಲ್ಲ. ಪೆಟ್ಟು ಬಂತು. ಎದೆಗೊಂದು. ಪಕ್ಕೆಗೆರಡು. ತಡೆದು... ದವಡೆಗೊಂದು. ಅವನು ಚಾದರ ಕಚ್ಚಿ ಹಿಡಿದ. ಬೆಳಿಗ್ಗೆ ಅಂಗಿ ಎತ್ತಿ ನೋಡಿದರೆ ಮೈಮೇಲೆ ಚೈನಿನ ಕೊಂಡಿಗಳ ಗುರುತು, ನೀಲಿಗಟ್ಟಿದ್ದವು. ಪ್ರತಿ ಸಲವೂ ಪೆಟ್ಟು ಜೋರಾಗುತ್ತಾ ಹೋಯಿತು. ಒಂದು ರಾತ್ರಿ ಪಕ್ಕೆಲುಬು ಮುರಿಯಿತು. ಹುಸೇನಪ್ಪನಿಗೆ ಮುರಿದ ಕಡೆಯೇ. ಇನ್ನು ಒಂದೆರಡು ಸಲ ಕರೆಂಟು ಹೋದರೆ ತಾನು ಉಳಿಯುವುದಿಲ್ಲ ಎಂದು ವೆಂಕೋಬನಿಗೆ ತಿಳಿಯಿತು.

ಅವನು ಟ್ರಂಕಿನಿಂದ ಫ್ಯೂಜು ತೆಗೆದುಕೊಂಡು ಹುಸೇನಪ್ಪನ ತಾಯಿ ಕಸ್ತೂರೆಮ್ಮನ ಮನೆಗೆ ಹೋದ. ಅವಳು ಹೊಸಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು.

"ಬಾ ತಮ್ಮಾ. ಮಾರಿ ಯಾಕ ಹಿಂಗಾಗೈತಿ?"

ಅವನು ಫ್ಯೂಜನ್ನು ಮೊರದಲ್ಲಿ ಇಟ್ಟ. ಎಲ್ಲ ಹೇಳಿದ.

ಕಸ್ತೂರೆಮ್ಮ ಜೋಳದಿಂದ ಕೈ ತೆಗೆದಳು. ಆಮೇಲೆ ಕೇಳಿದಳು, "ನನ್ನ ಮಗ ಕಾಲುವ್ಯಾಗ ಈಸಾಡಿ ಬೆಳೆದಾವ. ಬಾವ್ಯಾಗ ಹ್ಯಾಂಗ ಸತ್ತ ಅಂತ ಪೊಲೀಸರನ್ನ ಕೇಳಿದೆ. ಯಾರೂ ಹೇಳಲಿಲ್ಲ. ನೀ ಹೇಳು."

"ಕತ್ತಲಾಗ ಅವಗ ಮೆಟ್ಟಿಲು ಕಂಡಿಲ್ಲ ಯವ್ವ. ಅಂಗಳದ ಬಲ್ಬು ಹತ್ತಿದ್ದರ ಬಾವಿ ಬಾಯಿಗೆ ಬೆಳಕು ಬೀಳ್ತಿತ್ತು."

"ಅಂವ ಬಡಿಯಾಕತ್ತಿದ್ದು ನೀ ಕೇಳಿದ್ದಿ."

"ಕೇಳೀನಿ."

ಅವಳು ಎದ್ದು ಅವನ ಕಪಾಳಕ್ಕೆ ಬಾರಿಸಿದಳು. ಮತ್ತೊಮ್ಮೆ. ಮೂಗಿನಿಂದ ರಕ್ತ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಅವಳು ಮೊರದಿಂದ ಫ್ಯೂಜು ಎತ್ತಿ ಅವನ ಕೈಗಿಟ್ಟಳು.

"ರಾತ್ರಿ ನಡಿ. ಅಲ್ಲಿ ಹಚ್ಚು ಅದನ್ನ."

"ವೈರೇ ಇಲ್ಲ ಯವ್ವ. ಹತ್ತೂದಿಲ್ಲ."

"ಹತ್ತೂದಿಲ್ಲ ಅಂತ ನನ್ನ ಮಗಗ ಹೋಗಿ ಹೇಳು."

ರಾತ್ರಿ ಇಬ್ಬರೂ ಹೋದರು. ಕಸ್ತೂರೆಮ್ಮ ಆಲದ ಕೆಳಗೆ ಕೂತಳು, ವೆಂಕೋಬ ಮಿಲ್ಲಿನ ಗೇಟಿನಲ್ಲಿ ನಿಂತ. ಕರೆಂಟು ಹೋಗಿ ಬಡಿತ ಬರಲೆಂದು ಕಾದರು. ಸಿಂಧನೂರಿನ ದೀಪಗಳು ಆರಿದವು.

ಧುಮ್...

ಮೊದಲ ಪೆಟ್ಟಿಗೇ ವೆಂಕೋಬ ನೆಲಕ್ಕೆ ಬಿದ್ದ. ಧುಮ್-ಧುಮ್. ಬೆನ್ನಿನ ಚರ್ಮ ಸೀಳಿತು. ಠಕ್. ಎರಡು ಹಲ್ಲು ಮುರಿದು ಬಾಯಲ್ಲೇ ಉಳಿದವು. ಉಗುಳಿ, ಮೊಣಕೈ ಊರಿ ತೆವಳಿದ. ಕತ್ತಲಲ್ಲಿ ಒಡೆದ ಗಾಜು ಅಂಗೈಗೆ ಹೊಕ್ಕಿತು. ಎಡಗೈ ಮೇಲೆ ಏನೋ ಬಿತ್ತು, ತೋಳು ಒಳಗೆ ಲಟ್ ಎಂದಿತು. ಗೋಡೆ ಸಿಕ್ಕಿತು. ಗೋಡೆ ಹಿಡಿದು ಎದ್ದ. ಬೋರ್ಡು ಸಿಕ್ಕಿತು. ಕುತ್ತಿಗೆಗೆ ಚೈನು ಸುತ್ತಿಕೊಂಡು ಬಿಗಿಯತೊಡಗಿತು. ಅವನು ಬಲಗೈಯಿಂದ ಫ್ಯೂಜನ್ನು ಖಾನೆಗೆ ಇಟ್ಟು ಒತ್ತಿದ.

ಕಟಕ್.

ಅಂಗಳದ ಬಲ್ಬು ಹತ್ತಿತು.

ಕುತ್ತಿಗೆಯ ಚೈನು ಸಡಿಲಾಯಿತು. ಬಡಿತ ಮಾತ್ರ ನಿಲ್ಲಲಿಲ್ಲ. ಬೆಳಕು ಬಾವಿಯ ಬಾಯಿಗೆ ಬಿದ್ದಿತ್ತು. ಕಸ್ತೂರೆಮ್ಮ ಕಟ್ಟೆಯ ಮೇಲೆ ಬಾಗಿ ನಿಂತಿದ್ದಳು. ಅವಳ ದನಿ ಮೆಲ್ಲಗೆ ಕೇಳಿಸಿತು, ಮಲಗಿದ ಕೂಸನ್ನು ಎಬ್ಬಿಸುವ ಹಾಗೆ.

"ಹುಸೇನಾ... ಬೆಳಕಾತು ನೋಡಪ್ಪ. ಮೆಟ್ಟಿಲು ನಿನ್ನ ಬಲಕ್ಕ ಅದಾವ. ಬಲಕ್ಕ..."

ಬಡಿತ ನಿಂತಿತು.

ನೀರು ಕಲಕಿದ ಸದ್ದು. ಆಮೇಲೆ... ಪಚ್. ಪಚ್. ಒದ್ದೆ ಕಾಲು ಕಲ್ಲಿನ ಮೇಲೆ ಇಡುವ ಸದ್ದು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂತು. ಪಚ್... ಪಚ್... ಕಟ್ಟೆ ದಾಟಿತು. ಕಸ್ತೂರೆಮ್ಮ ಸೆರಗು ಬಿಚ್ಚಿ, ಯಾರದೋ ತಲೆ ಒರೆಸುವ ಹಾಗೆ ಗಾಳಿಯಲ್ಲಿ ಕೈ ಆಡಿಸಿದಳು. ಅವಳ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ವೆಂಕೋಬ ಅದನ್ನು ಕಣ್ಣಾರೆ ನೋಡಿದ.

"ನಡಿ, ಮನಿಗೆ ಹೋಗೂಣು," ಅಂದಳು. ವೆಂಕೋಬನ ಕಡೆ ತಿರುಗಿಯೂ ನೋಡಲಿಲ್ಲ. ಊರಿನ ದಾರಿ ಹಿಡಿದಳು. ಬಲ್ಬು ಟಪ್ ಎಂದು ಆರಿತು.

ಇದು ಹುಟ್ಟಿಸಿಕೊಂಡು ಹೇಳಿದ್ದಲ್ಲ. ಮಿಲ್ಲಿನಲ್ಲಿ ಬೆಳಕು ಹತ್ತಿದ್ದನ್ನು ದಾವಲ್‌ಸಾಬ್ ತನ್ನ ಮನೆಯ ಮಾಳಿಗೆಯಿಂದ ನೋಡಿದ್ದಾನೆ. ಸಾಲಗುಂದದಲ್ಲಿ ಕೇಳಿ ನೋಡಬಹುದು. ವೆಂಕೋಬ ಈಗಲೂ ಇದ್ದಾನೆ, ಎಡಗೈ ನೆಟ್ಟಗಾಗುವುದಿಲ್ಲ. ದೆವ್ವ ಇದೆ ಎಂದು ಅವನು ಈಗಲೂ ಒಪ್ಪುವುದಿಲ್ಲ. ಆದರೆ ಬಲ್ಬು ಹತ್ತಿದ ಮರುದಿನ ಬೆಳಿಗ್ಗೆ ಅವನು ಬೋರ್ಡಿನಿಂದ ಫ್ಯೂಜು ಕಿತ್ತು ನೋಡಿದ್ದ. ಹಿಂದಿನ ದಿನ ಸಂಜೆ ಅದಕ್ಕೆ ತನ್ನ ಕೈಯಾರೆ ಹೊಸ ತಂತಿ ಕಟ್ಟಿದ್ದ. ಕಂಬದಿಂದ ಮಿಲ್ಲಿನವರೆಗೆ ಒಂದು ಎಳೆ ವೈರು ಇರಲಿಲ್ಲ.

ತಂತಿ ಕರಗಿಹೋಗಿತ್ತು.